ಎಚ್‌ಐವಿ ಮಾತ್ರೆಗಳನ್ನು ಸುರಕ್ಷಿತವಾಗಿ ತೆಗೆದುಕೊಳ್ಳುವುದು ಹೇಗೆ: ಮೊದಲ ಡಬ್ಬಿಯಿಂದ ಮುಂದಿನ ವರ್ಷಗಳವರೆಗೆ

ಮೊದಲ ಸಲ ಮಾತ್ರೆ ಡಬ್ಬಿ ಕೈಗೆ ಬಂದ ದಿನ ಡಾಕ್ಟರು ಹೇಳಿದ್ದರಲ್ಲಿ ಅರ್ಧವೂ ತಲೆಗೆ ಇಳಿಯುವುದಿಲ್ಲ. ನನಗೂ ಹಾಗೇ ಆಗಿತ್ತು. ಮನಸ್ಸು ರಿಪೋರ್ಟ್ ಮೇಲೇ ನಿಂತಿರುತ್ತದೆ, ಕಿವಿಗೆ ಬಿದ್ದ ಮಾತು ಎಲ್ಲೋ ಹೋಗಿರುತ್ತದೆ. ಮನೆಗೆ ಬಂದು ಡಬ್ಬಿ ತೆರೆದಾಗ ಒಂದೊಂದೇ ಪ್ರಶ್ನೆ ಏಳುತ್ತದೆ. ಊಟಕ್ಕೆ ಮುಂಚೆಯೋ ಆಮೇಲೋ? ಒಂದು ದಿನ ಮರೆತರೆ? ತಲೆನೋವಿನ ಮಾತ್ರೆ ತಗೋಬಹುದಾ? ಈ ಬರಹ ಆ ಪ್ರಶ್ನೆಗಳಿಗೆ. ನಿಮ್ಮ ಡಾಕ್ಟರ ಮಾತಿನ ಜಾಗಕ್ಕೆ ಇದು ಬರುವುದಿಲ್ಲ. ಅವರ ಹತ್ತಿರ ಏನು ಕೇಳಬೇಕು, ಏನು ಮುಚ್ಚಿಡಬಾರದು ಅನ್ನುವುದು ಇದರಿಂದ ಗೊತ್ತಾದರೆ ಸಾಕು.

ಮೂರು ಔಷಧ ಯಾಕೆ, ಒಂದು ಸಾಲದಾ?

ಇದೊಂದು ಅರ್ಥವಾದರೆ ಮುಂದಿನ ನಿಯಮಗಳನ್ನೆಲ್ಲ ಬಾಯಿಪಾಠ ಮಾಡಬೇಕಾಗಿಲ್ಲ, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಚಿಕಿತ್ಸೆ ಇಲ್ಲದ ದೇಹದಲ್ಲಿ ಎಚ್‌ಐವಿ ದಿನಕ್ಕೆ ನೂರಾರು ಕೋಟಿ ಹೊಸ ವೈರಸ್‌ಗಳನ್ನು ಹುಟ್ಟಿಸುತ್ತದೆ. ನಕಲು ಮಾಡುವಾಗ ಅದು ತುಂಬಾ ತಪ್ಪು ಮಾಡುತ್ತದೆ. ಹೆಚ್ಚಿನ ತಪ್ಪುಗಳಿಂದ ವೈರಸ್‌ಗೇ ನಷ್ಟ. ಆದರೆ ಯಾವುದೋ ಒಂದು ತಪ್ಪು ಔಷಧದಿಂದ ತಪ್ಪಿಸಿಕೊಳ್ಳಲು ಅದಕ್ಕೆ ದಾರಿ ಮಾಡಿಕೊಡುತ್ತದೆ. ಲ್ಯಾಮಿವುಡಿನ್ ಅನ್ನುವ ಔಷಧಕ್ಕಾದರೆ ವೈರಸ್‌ನಲ್ಲಿ ಒಂದೇ ಒಂದು ಬದಲಾವಣೆ ಆದರೂ ಸಾಕು, ಔಷಧ ಬಹುಪಾಲು ಸೋಲುತ್ತದೆ. 1987ರಲ್ಲಿ ಮೊದಲ ಎಚ್‌ಐವಿ ಔಷಧ ಜಿಡೋವುಡಿನ್ ಬಂತು. ಅದನ್ನು ಒಂಟಿಯಾಗಿ ಕೊಟ್ಟಾಗ ಸ್ವಲ್ಪ ಕಾಲ ಗುಣ ಕಾಣಿಸಿ ಆಮೇಲೆ ಕೆಲಸ ನಿಂತುಹೋಗುತ್ತಿತ್ತು, ಕಾರಣ ಇದೇ. 1996ರ ಹೊತ್ತಿಗೆ ಮೂರು ಔಷಧ ಒಟ್ಟಿಗೆ ಕೊಡುವ ಕ್ರಮ ಬಂದಾಗ ಚಿತ್ರವೇ ಬದಲಾಯಿತು. ಮೂರರಿಂದಲೂ ಒಂದೇ ಸಲ ತಪ್ಪಿಸಿಕೊಳ್ಳುವ ಬದಲಾವಣೆ ಒಂದೇ ವೈರಸ್‌ನಲ್ಲಿ ಆಗುವುದು ಬಹಳ ಕಷ್ಟ.

ಆದರೆ ಮೂರೂ ರಕ್ತದಲ್ಲಿ ಸಾಕಷ್ಟು ಇದ್ದರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ಮಟ್ಟ ಇಳಿದರೆ ವೈರಸ್ ಮತ್ತೆ ನಕಲು ಶುರು ಮಾಡುತ್ತದೆ, ಅರೆಬರೆ ಔಷಧದ ಎದುರಲ್ಲೇ ತಪ್ಪಿಸಿಕೊಳ್ಳುವುದನ್ನು ಕಲಿಯುತ್ತದೆ. ನೀವು ಮರೆತರೂ, ವಾಂತಿ ಮಾಡಿದರೂ, ಹೊಟ್ಟೆ ಉರಿಗೆ ತಗೊಳ್ಳುವ ಆಂಟಾಸಿಡ್ ಜೊತೆ ನುಂಗಿದರೂ, ಡಬ್ಬಿ ಖಾಲಿಯಾದರೂ ವೈರಸ್‌ಗೆ ಎಲ್ಲ ಒಂದೇ. ಹಾಗಾಗಿ ಯಾವ ಸಂದೇಹ ಬಂದರೂ ಮೊದಲು ಇದನ್ನು ಕೇಳಿಕೊಳ್ಳಿ: ಇದರಿಂದ ರಕ್ತದಲ್ಲಿ ಔಷಧದ ಮಟ್ಟ ಇಳಿಯುತ್ತದಾ?

ಈಗ ಬಹಳ ಕಡೆ ದೊಡ್ಡವರಿಗೆ ಮೊದಲು ಕೊಡುವುದು ಮೂರೂ ಸೇರಿದ ಒಂದೇ ಮಾತ್ರೆ: ಟೆನೊಫೊವಿರ್ 300 ಮಿಲಿಗ್ರಾಂ, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50. ಇಂಗ್ಲಿಷ್ ಮೊದಲಕ್ಷರ ಸೇರಿಸಿ ಟಿಎಲ್‌ಡಿ ಅನ್ನುತ್ತಾರೆ. ದಿನಕ್ಕೆ ಒಂದು ಸಲ. ನಿಮ್ಮ ಡಬ್ಬಿಯಲ್ಲಿ ಬೇರೆ ಹೆಸರುಗಳಿದ್ದರೂ ಚಿಂತೆ ಇಲ್ಲ, ಆದರೆ ಆ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದು ಫೋನಿನಲ್ಲೂ ಫೋಟೋ ಇಟ್ಟುಕೊಳ್ಳಿ. 'ಬಿಳಿ ಮಾತ್ರೆ' ಅಂದರೆ ಯಾವ ಡಾಕ್ಟರಿಗೂ ಏನೂ ಗೊತ್ತಾಗುವುದಿಲ್ಲ.

ಮೊದಲ ಹೆಜ್ಜೆ: ಶುರು ಮಾಡುವ ಮುಂಚೆ

ಯಾವ ಮಾತ್ರೆ ಸುರಕ್ಷಿತ ಅನ್ನುವುದು ನಿಮ್ಮ ದೇಹದಲ್ಲಿ ಬೇರೆ ಏನಿದೆ ಅನ್ನುವುದರ ಮೇಲೆ ಇದೆ. ಸಾಮಾನ್ಯವಾಗಿ ಸಿಡಿ4 ಎಣಿಕೆ (ರೋಗನಿರೋಧಕ ಕೋಶಗಳ ಲೆಕ್ಕ), ವೈರಲ್ ಲೋಡ್ (ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನುವ ಲೆಕ್ಕ), ಕಿಡ್ನಿಗೆ ಕ್ರಿಯಾಟಿನಿನ್, ಲಿವರ್ ಪರೀಕ್ಷೆ, ಹಿಮೋಗ್ಲೋಬಿನ್ ನೋಡುತ್ತಾರೆ. ಹೆಪಟೈಟಿಸ್ ಬಿ ಪರೀಕ್ಷೆ ಆಗಿದೆಯಾ ಅಂತ ಬಾಯಿಬಿಟ್ಟು ಕೇಳಿ. ಟೆನೊಫೊವಿರ್ ಮತ್ತು ಲ್ಯಾಮಿವುಡಿನ್ ಎರಡೂ ಹೆಪಟೈಟಿಸ್ ಬಿ ವೈರಸ್ ಅನ್ನೂ ತಡೆಯುತ್ತವೆ. ಆ ಸೋಂಕು ಇರುವವರು ಗೊತ್ತಿಲ್ಲದೆ ಈ ಮಾತ್ರೆ ನಿಲ್ಲಿಸಿದರೆ ಲಿವರ್ ಏಕಾಏಕಿ ಕೆಡಬಹುದು, ಜೀವಕ್ಕೂ ಅಪಾಯ. ಆಮೇಲೆ ಯಾವಾಗಲೋ ಔಷಧ ಬದಲಿಸುವಾಗಲೂ ಈ ವಿಷಯ ಮತ್ತೆ ಬರುತ್ತದೆ.

ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಕೆ ಇದ್ದರೆ ಹೇಳಿ, ಅದು ಟಿಬಿ ಇರಬಹುದು. ತೀವ್ರ ತಲೆನೋವು, ಕುತ್ತಿಗೆ ಬಿಗಿತ ಇದ್ದರೆ ಅದನ್ನೂ ಹೇಳಿ. ಎಚ್‌ಐವಿ ಮಾತ್ರೆಯನ್ನು ಪತ್ತೆಯಾದ ದಿನವೇ ಶುರು ಮಾಡುವುದು ಈಗ ರೂಢಿ. ಆದರೆ ಮೆದುಳಿನ ಪೊರೆಗೆ ಕ್ರಿಪ್ಟೋಕಾಕಸ್ ಶಿಲೀಂಧ್ರ ಅಥವಾ ಟಿಬಿ ತಗುಲಿದ್ದರೆ ಮೊದಲು ಅದಕ್ಕೆ ಚಿಕಿತ್ಸೆ ಕೊಟ್ಟು, ಕೆಲವು ವಾರ ಬಿಟ್ಟು ಇದನ್ನು ಶುರು ಮಾಡುತ್ತಾರೆ. ಅಂಥ ಹೊತ್ತಿನಲ್ಲಿ ಅವಸರ ಮಾಡಿದರೆ ಒಳ್ಳೆಯದಕ್ಕಿಂತ ಕೆಟ್ಟದ್ದೇ ಜಾಸ್ತಿ.

ಅಬಾಕಾವಿರ್ ಇರುವ ಮಾತ್ರೆ ಕೊಡುತ್ತಿದ್ದರೆ ಎಚ್‌ಎಲ್‌ಎ-ಬಿ 5701 ಅನ್ನುವ ಜೀನ್ ಪರೀಕ್ಷೆ ಬಗ್ಗೆ ಕೇಳಿ. ಆ ಜೀನ್ ಇರುವವರಿಗೆ ಇದು ಗಂಭೀರ ಅಲರ್ಜಿ ತರಬಹುದು.

ಎರಡನೇ ಹೆಜ್ಜೆ: ಸಮಯ ಗೊತ್ತು ಮಾಡುವುದು

'ಸರಿಯಾಗಿ ಎಂಟಕ್ಕೇ ನುಂಗಬೇಕು, ಹತ್ತು ನಿಮಿಷ ತಡವಾದರೆ ಮುಗಿಯಿತು' ಅಂತ ಹೆದರಬೇಡಿ. ಡೊಲುಟೆಗ್ರಾವಿರ್‌ನಂಥ ಈಗಿನ ಔಷಧಗಳಲ್ಲಿ ಒಂದೆರಡು ಗಂಟೆ ಆಚೀಚೆ ಆದರೆ ಏನೂ ಆಗುವುದಿಲ್ಲ. ಹೀಗಿದ್ದೂ ಸಮಯ ಗೊತ್ತು ಮಾಡುವುದು ನೆನಪಿಗೋಸ್ಕರ. ಎಷ್ಟೇ ಗಲಾಟೆ ಇದ್ದರೂ ನೀವು ದಿನಾ ತಪ್ಪದೆ ಮಾಡುವ ಕೆಲಸ ಒಂದು ಇದ್ದೇ ಇರುತ್ತದೆ, ಹಲ್ಲುಜ್ಜುವುದೋ ಫೋನ್ ಚಾರ್ಜಿಗೆ ಹಾಕುವುದೋ. ಮಾತ್ರೆಯನ್ನು ಅದಕ್ಕೇ ಕಟ್ಟಿಬಿಡಿ. ಅಲಾರಂ ಇಡಿ, ಆದರೆ ಮಾತ್ರೆ ನುಂಗಿದ ಮೇಲೆಯೇ ಅದನ್ನು ಆರಿಸಿ. 'ಆಮೇಲೆ ತಗೋತೀನಿ' ಅಂತ ಆರಿಸಿದ ಅಲಾರಂನಿಂದಲೇ ಹೆಚ್ಚಿನ ಡೋಸ್ ತಪ್ಪುವುದು.

ಊಟದ ವಿಷಯ ಔಷಧದ ಮೇಲೆ ಹೋಗುತ್ತದೆ. ಡೊಲುಟೆಗ್ರಾವಿರ್ ಊಟದ ಜೊತೆಗೂ ಆಗುತ್ತದೆ, ಖಾಲಿ ಹೊಟ್ಟೆಗೂ ಆಗುತ್ತದೆ. ಎಫಾವಿರೆಂಜ್ ಅನ್ನು ಮಲಗುವ ಮುಂಚೆ ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳುತ್ತಾರೆ. ರಿಲ್ಪಿವಿರಿನ್‌ಗೆ ಪೂರ್ತಿ ಊಟ ಬೇಕು, ಬರೀ ತಿಂಡಿ ತಿಂದು ನುಂಗಿದರೆ ರಕ್ತಕ್ಕೆ ಸೇರುವುದೇ ಕಡಿಮೆ. ಅಟಜಾನವಿರ್, ಡರುನವಿರ್ ಕೂಡ ಊಟದ ಜೊತೆಗೇ.

ನೀವು ಮಾತ್ರೆ ತಗೊಳ್ಳುವುದು ಗೊತ್ತಿರುವ ಒಬ್ಬರಾದರೂ ಇರಲಿ. ಬಚ್ಚಿಟ್ಟು ನುಂಗುವವರಿಗೆ ಮನೆಯಲ್ಲಿ ಜನ ಸೇರಿದ ದಿನವೇ ಡೋಸ್ ತಪ್ಪುತ್ತದೆ. ಹೇಳಲು ಯಾರೂ ಇಲ್ಲದಿದ್ದರೆ ಕೌನ್ಸೆಲರ್ ಹತ್ತಿರ ಅದನ್ನೇ ಹೇಳಿ. ಗುರುತಿಲ್ಲದ ಡಬ್ಬಿ, ನಿಮಗೆ ಹೊಂದುವ ಸಮಯ ಹೀಗೆ ಏನಾದರೂ ಒಂದು ದಾರಿ ಸಿಗುತ್ತದೆ. ಕೆಲವು ಡಬ್ಬಿಗಳಲ್ಲಿ ತೇವ ಹೀರುವ ಪುಟ್ಟ ಪೊಟ್ಟಣ ಇರುತ್ತದೆ. ಡಬ್ಬಿ ಬದಲಿಸುವ ಮುಂಚೆ ಅದನ್ನು ಕೇಳಿಕೊಳ್ಳಿ, ಪೊಟ್ಟಣವನ್ನು ಬಿಸಾಡಬೇಡಿ.

ಮೂರನೇ ಹೆಜ್ಜೆ: ಬೇರೆ ಮಾತ್ರೆಗಳ ಜೊತೆ ಜಗಳ

ಇಲ್ಲೇ ಜನ ಜಾಸ್ತಿ ಎಡವುವುದು, ಅದೂ ತಮಗೆ ಗೊತ್ತಿಲ್ಲದೆ. ಎಚ್‌ಐವಿ ಮಾತ್ರೆ ದಿನವೂ ತಪ್ಪದೆ ನುಂಗಿರುತ್ತಾರೆ, ಆದರೂ ವೈರಲ್ ಲೋಡ್ ಏರಿರುತ್ತದೆ.

ಆಂಟಾಸಿಡ್‌ನಿಂದ ಶುರು ಮಾಡೋಣ. ಅಲ್ಯುಮಿನಿಯಂ, ಮೆಗ್ನೀಸಿಯಂ ಇರುವ ಆಂಟಾಸಿಡ್‌ಗಳು ಹೊಟ್ಟೆಯಲ್ಲೇ ಡೊಲುಟೆಗ್ರಾವಿರ್ ಅನ್ನು ಹಿಡಿದುಬಿಡುತ್ತವೆ, ಅದು ರಕ್ತಕ್ಕೆ ಹೋಗುವುದಿಲ್ಲ. ಹಾಗಾಗಿ ಎಚ್‌ಐವಿ ಮಾತ್ರೆಯನ್ನು ಆಂಟಾಸಿಡ್‌ಗಿಂತ 2 ಗಂಟೆ ಮುಂಚೆ ಅಥವಾ 6 ಗಂಟೆ ಆದ ಮೇಲೆ ತಗೊಳ್ಳಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೂ ಇದೇ ಅಂತರ. ಆದರೆ ಅವಕ್ಕೊಂದು ಸುಲಭದ ದಾರಿ ಇದೆ, ಊಟದ ಜೊತೆಗಾದರೆ ಎರಡನ್ನೂ ಒಟ್ಟಿಗೆ ತಗೋಬಹುದು. ಬಸುರಿಯರಿಗೆ ಕಬ್ಬಿಣ, ಕ್ಯಾಲ್ಸಿಯಂ ದಿನವೂ ಇರುವುದರಿಂದ ಇದು ಅವರಿಗೆ ಗೊತ್ತಿರಲೇಬೇಕು. ಇನ್ನು ಒಮೆಪ್ರಜೋಲ್ ಥರದ ಅಸಿಡಿಟಿ ಮಾತ್ರೆಗಳು ಡೊಲುಟೆಗ್ರಾವಿರ್‌ಗೆ ತೊಂದರೆ ಮಾಡುವುದಿಲ್ಲ, ಆದರೆ ರಿಲ್ಪಿವಿರಿನ್ ಮಾತ್ರೆ ತಗೊಳ್ಳುವವರು ಅವನ್ನು ಮುಟ್ಟಲೇಬಾರದು. ಅಟಜಾನವಿರ್‌ಗೂ ಅವು ಆಗಿಬರುವುದಿಲ್ಲ. ನೋಡಿ, ಒಂದೇ ಹೊಟ್ಟೆ ಉರಿಗೆ ಎಷ್ಟು ಲೆಕ್ಕ.

ಟಿಬಿ ಚಿಕಿತ್ಸೆಯ ರಿಫಾಂಪಿಸಿನ್ ಬೇರೆ ಥರ ಕೆಲಸ ಮಾಡುತ್ತದೆ. ಅದು ಲಿವರ್ ಅನ್ನು ಚುರುಕು ಮಾಡಿ ಡೊಲುಟೆಗ್ರಾವಿರ್ ಬೇಗ ಖಾಲಿಯಾಗುವ ಹಾಗೆ ಮಾಡುತ್ತದೆ. ಅದಕ್ಕೆ ರಿಫಾಂಪಿಸಿನ್ ನಡೆಯುವಷ್ಟು ದಿನ ಡೊಲುಟೆಗ್ರಾವಿರ್ 50 ಮಿಲಿಗ್ರಾಂ ಅನ್ನು 12 ಗಂಟೆಗೊಮ್ಮೆ, ಅಂದರೆ ದಿನಕ್ಕೆ ಎರಡು ಸಲ ಕೊಡುತ್ತಾರೆ. ರಿಫಾಂಪಿಸಿನ್ ಮುಗಿದ ಮೇಲೂ ಎರಡು ವಾರ ಹಾಗೇ ಮುಂದುವರಿಸುತ್ತಾರೆ, ಯಾಕೆಂದರೆ ಲಿವರ್‌ನ ಆ ಚುರುಕು ತಕ್ಷಣ ಇಳಿಯುವುದಿಲ್ಲ. ಟಿಬಿ ಮಾತ್ರೆ ಕೊಡುವವರು ಒಬ್ಬರು, ಎಚ್‌ಐವಿ ಮಾತ್ರೆ ಕೊಡುವವರು ಇನ್ನೊಬ್ಬರು ಆದಾಗ ಈ ಎರಡನೇ ಡೋಸ್ ನಡುವೆ ಬಿದ್ದುಹೋಗುತ್ತದೆ. ಇಬ್ಬರಿಗೂ ನೀವೇ ಹೇಳಿ, ಇನ್ನೊಬ್ಬರು ಹೇಳಿರುತ್ತಾರೆ ಅಂತ ಸುಮ್ನೆ ಇರಬೇಡಿ.

ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್, ಫೆನಿಟಾಯಿನ್, ಫಿನೋಬಾರ್ಬಿಟಾಲ್ ಕೂಡ ಇದೇ ರೀತಿ ಮಟ್ಟ ಇಳಿಸುತ್ತವೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್‌ನದು ತಿರುಗುಮುರುಗು. ಡೊಲುಟೆಗ್ರಾವಿರ್ ಅದರ ಮಟ್ಟವನ್ನು ರಕ್ತದಲ್ಲಿ ಏರಿಸುತ್ತದೆ, ಹಾಗಾಗಿ ಮೆಟ್‌ಫಾರ್ಮಿನ್ ಅನ್ನು ಸಾಮಾನ್ಯವಾಗಿ ದಿನಕ್ಕೆ 1000 ಮಿಲಿಗ್ರಾಂ ದಾಟಿಸುವುದಿಲ್ಲ. ಕಿಡ್ನಿ ದುರ್ಬಲವಾಗಿದ್ದರೆ ಇನ್ನೂ ಎಚ್ಚರ.

ರಿಟೋನವಿರ್ ಅಥವಾ ಕೋಬಿಸಿಸ್ಟಾಟ್ ಇರುವ ಔಷಧ ಜೋಡಿ ನಿಮ್ಮದಾಗಿದ್ದರೆ ಇನ್ನೂ ಹತ್ತು ಪಾಲು ಹುಷಾರಾಗಿರಿ. ಇವು ಬೇರೆ ಔಷಧಗಳನ್ನು ಕರಗಿಸುವ ಲಿವರ್ ಕಿಣ್ವವನ್ನೇ ತಡೆದು ನಿಲ್ಲಿಸುತ್ತವೆ. ಆಸ್ತಮಾ ಇನ್‌ಹೇಲರ್‌ನ ಫ್ಲುಟಿಕಸೋನ್, ಮಂಡಿಗೆ ಚುಚ್ಚುವ ಟ್ರಯಾಮ್ಸಿನೊಲೋನ್ ಥರದ ಸ್ಟೆರಾಯ್ಡ್‌ಗಳು ಮೈಯಲ್ಲಿ ಶೇಖರವಾಗಿ ಮುಖ ಊದುವುದು, ಸಕ್ಕರೆ ಏರುವುದು ಎಲ್ಲ ಆಗಬಹುದು. ಕೊಲೆಸ್ಟರಾಲ್‌ಗೆ ಕೊಡುವ ಸಿಮ್ವಾಸ್ಟಾಟಿನ್, ಮೈಗ್ರೇನ್‌ನ ಎರ್ಗೊಟಮಿನ್ ಈ ರಿಟೋನವಿರ್, ಕೋಬಿಸಿಸ್ಟಾಟ್ ಜೊತೆ ಕೂಡದು. ಸಿಲ್ಡೆನಾಫಿಲ್ ಥರದ ಲೈಂಗಿಕ ಶಕ್ತಿಯ ಮಾತ್ರೆ ತಗೊಳ್ಳುವವರು ನಾಚಿಕೆ ಬಿಟ್ಟು ಹೇಳಬೇಕು, ಡೋಸ್ ತುಂಬಾ ಕಡಿಮೆ ಮಾಡಬೇಕಾಗುತ್ತದೆ.

ಟೆನೊಫೊವಿರ್ ತಗೊಳ್ಳುವವರು ನೋವಿಗೆ ಡೈಕ್ಲೊಫೆನಾಕ್‌ನಂಥ ಮಾತ್ರೆಗಳನ್ನು ದಿನಗಟ್ಟಲೆ ನುಂಗಬಾರದು. ಎರಡೂ ಸೇರಿದರೆ ಕಿಡ್ನಿಗೆ ಪೆಟ್ಟು. ಸಾಧಾರಣ ಜ್ವರ, ತಲೆನೋವಿಗೆ ಸರಿಯಾದ ಡೋಸ್‌ನ ಪ್ಯಾರಸಿಟಮಾಲ್ ಒಳ್ಳೆಯದು. ಎಫಾವಿರೆಂಜ್ ತಗೊಳ್ಳುವ ಹೆಂಗಸರು ತೋಳಿಗೆ ಹಾಕುವ ಗರ್ಭನಿರೋಧಕ ಇಂಪ್ಲಾಂಟ್ ನಂಬಿ ಕೂರಬಾರದು, ಅದರ ಬಲ ಕುಗ್ಗುತ್ತದೆ. ಡೊಲುಟೆಗ್ರಾವಿರ್‌ನಲ್ಲಿ ಆ ತೊಂದರೆ ಇಲ್ಲ.

ಗಿಡಮೂಲಿಕೆ ಔಷಧ? ಸೇಂಟ್ ಜಾನ್ಸ್ ವರ್ಟ್ ಅನ್ನುವ ಮೂಲಿಕೆ ಬಹಳಷ್ಟು ಎಚ್‌ಐವಿ ಔಷಧಗಳ ಮಟ್ಟ ಇಳಿಸುತ್ತದೆ. ಒಳಗೆ ಏನಿದೆ ಅಂತ ಬರೆಯದ ಪುಡಿ, ಲೇಹ್ಯಗಳಲ್ಲಿ ಏನೇನು ಇರುತ್ತದೋ. 'ಆರು ತಿಂಗಳಲ್ಲಿ ಎಚ್‌ಐವಿ ಮಾಯ, ಇಂಗ್ಲಿಷ್ ಮಾತ್ರೆ ಬಿಡಿ' ಅನ್ನುವವರ ಹತ್ತಿರ ದಯವಿಟ್ಟು ಹೋಗಬೇಡಿ. ಮಾತ್ರೆ ಬಿಟ್ಟ ಮೊದಲ ತಿಂಗಳು ಏನೂ ಅನ್ನಿಸುವುದಿಲ್ಲ, ಮೈ ಹಗುರ ಅನ್ನಿಸಬಹುದು ಕೂಡ. ಅದನ್ನೇ ಅವರು ಗುಣವಾಯಿತು ಅನ್ನುತ್ತಾರೆ. ಒಳಗೆ ವೈರಸ್ ಏರುತ್ತಿರುತ್ತದೆ.

ನಾಲ್ಕನೇ ಹೆಜ್ಜೆ: ಮೊದಲ ವಾರಗಳು

ವಾಕರಿಕೆ, ತಲೆನೋವು, ಸುಸ್ತು, ಸಡಿಲ ಭೇದಿ ಇವು ಹೆಚ್ಚಿನವರಿಗೆ ಎರಡು ಮೂರು ವಾರದಲ್ಲಿ ತಾನಾಗಿ ಕಡಿಮೆಯಾಗುತ್ತವೆ. ಡೊಲುಟೆಗ್ರಾವಿರ್‌ನಿಂದ ನಿದ್ದೆ ಕೆಟ್ಟರೆ ಮಾತ್ರೆಯನ್ನು ಬೆಳಗ್ಗೆಗೆ ಬದಲಿಸಿ ನೋಡಿ. ಕೆಲವರಿಗೆ ತೂಕ ಏರುತ್ತದೆ. ಎಫಾವಿರೆಂಜ್‌ನಲ್ಲಿ ತಲೆಸುತ್ತು, ಕಣ್ಣಿಗೆ ಕಟ್ಟಿದಂಥ ಕನಸು. ನನ್ನ ಮೊದಲ ಔಷಧ ಜೋಡಿಯಲ್ಲಿ ಎಫಾವಿರೆಂಜ್ ಇತ್ತು, ಮೂರು ವಾರ ಕನಸಿಗೆ ಹೆದರಿ ಮಲಗಲು ಹಿಂದೇಟು ಹಾಕುತ್ತಿದ್ದೆ. ಅದು ಮಾತ್ರೆಯದ್ದು ಅಂತ ಮೊದಲೇ ಯಾರಾದರೂ ಹೇಳಿದ್ದರೆ ಅಷ್ಟು ಭಯ ಆಗುತ್ತಿರಲಿಲ್ಲ. ಮನಸ್ಸು ತೀರಾ ಕುಗ್ಗಿದರೆ, ಸಾಯುವ ಯೋಚನೆ ಬಂದರೆ ಕಾಯಬೇಡಿ, ಅವತ್ತೇ ಹೇಳಿ. ಆ ಮಾತ್ರೆ ಬದಲಿಸಬಹುದು.

ಡೊಲುಟೆಗ್ರಾವಿರ್ ಶುರುವಾದ ಮೇಲೆ ಕ್ರಿಯಾಟಿನಿನ್ ಸ್ವಲ್ಪ ಏರುತ್ತದೆ. ಅದು ಹೊರಹೋಗುವ ಒಂದು ದಾರಿಯನ್ನು ಔಷಧ ತಡೆಯುವುದರಿಂದ ಹೀಗೆ, ಕಿಡ್ನಿ ಕೆಟ್ಟಿದೆ ಅಂತಲ್ಲ. ಆದರೆ ಏರುತ್ತಲೇ ಹೋದರೆ ಟೆನೊಫೊವಿರ್ ಮೇಲೆ ಗಮನ ಹೋಗಬೇಕು.

ಈಗ ಓಡಿಹೋಗಬೇಕಾದ ಲಕ್ಷಣಗಳು. ಮೈಮೇಲೆ ದದ್ದು ಬಂದು ಜೊತೆಗೆ ಜ್ವರ, ಬಾಯಲ್ಲಿ ಹುಣ್ಣು, ಕಣ್ಣು ಕೆಂಪು, ಚರ್ಮ ಗುಳ್ಳೆ ಎದ್ದು ಸುಲಿಯುವುದು. ಕಣ್ಣು ಹಳದಿ, ಮೂತ್ರ ಗಾಢ ಬಣ್ಣ, ಹೊಟ್ಟೆಯ ಬಲಗಡೆ ನೋವು. ಉಸಿರು ಕಟ್ಟುವುದು, ಮುಖ ತುಟಿ ಊದುವುದು. (ಅಟಜಾನವಿರ್‌ನಲ್ಲಿ ಲಿವರ್ ಚೆನ್ನಾಗಿದ್ದರೂ ಕಣ್ಣು ಹಳದಿ ಆಗುವುದುಂಟು, ಆದರೂ ಅದನ್ನು ತೀರ್ಮಾನ ಮಾಡುವುದು ಡಾಕ್ಟರು.) ನೆವಿರಾಪಿನ್‌ನಲ್ಲಿ ದದ್ದು, ಲಿವರ್ ತೊಂದರೆ ಜಾಸ್ತಿ ಬರುವುದರಿಂದಲೇ ಮೊದಲ 14 ದಿನ ಅರ್ಧ ಡೋಸ್ ಕೊಡುವುದು. ಅಬಾಕಾವಿರ್ ಅಲರ್ಜಿ ಸಾಮಾನ್ಯವಾಗಿ ಮೊದಲ 6 ವಾರದಲ್ಲಿ ಬರುತ್ತದೆ: ಜ್ವರ, ದದ್ದು, ವಾಂತಿ, ಕೆಮ್ಮು, ಮೈಕೈ ನೋವು, ಒಂದೊಂದು ಡೋಸ್‌ಗೂ ಇನ್ನೂ ಜೋರು. ಹೀಗೆ ಆಗಿ ಡಾಕ್ಟರು ಅದನ್ನು ನಿಲ್ಲಿಸಿದ ಮೇಲೆ ಜೀವನಪೂರ್ತಿ ಇನ್ನೊಮ್ಮೆ ಅಬಾಕಾವಿರ್ ಮುಟ್ಟಬಾರದು. ಎರಡನೇ ಸಲ ಗಂಟೆಗಳೊಳಗೇ ಜೀವ ಹೋಗುವಷ್ಟು ಕೆರಳಬಹುದು.

ಇನ್ನೊಂದು ವಿಷಯ ಜನರನ್ನು ಗಲಿಬಿಲಿ ಮಾಡುತ್ತದೆ. ಸಿಡಿ4 ತುಂಬಾ ಕಡಿಮೆ ಇದ್ದವರಿಗೆ ಮಾತ್ರೆ ಶುರುವಾಗಿ ಕೆಲವು ವಾರಕ್ಕೆ ಜ್ವರ ಬರಬಹುದು, ಗಂಟು ಊದಬಹುದು, ಇದ್ದ ಟಿಬಿಯೇ ಜೋರಾದ ಹಾಗೆ ಕಾಣಬಹುದು. ಮಲಗಿದ್ದ ರೋಗನಿರೋಧಕ ಶಕ್ತಿ ಎದ್ದು, ಒಳಗೆ ಅಡಗಿದ್ದ ಸೋಂಕಿನ ಮೇಲೆ ಒಂದೇ ಸಲ ಬೀಳುವುದು ಅದು. 'ಮಾತ್ರೆಯಿಂದಲೇ ಹೀಗಾಯಿತು' ಅಂತ ನೀವಾಗಿ ಬಿಡಬೇಡಿ. ಆಸ್ಪತ್ರೆಗೆ ಹೋಗಿ, ಒಳಗಿನ ಸೋಂಕಿಗೆ ಚಿಕಿತ್ಸೆ ಸಿಗಬೇಕು. ಹೆಚ್ಚಿನ ಸಲ ಎಚ್‌ಐವಿ ಮಾತ್ರೆ ಮುಂದುವರಿಯುತ್ತದೆ.

ಐದನೇ ಹೆಜ್ಜೆ: ಡೋಸ್ ತಪ್ಪಿದಾಗ

ನೆನಪಾದ ಕೂಡಲೇ ತಗೊಳ್ಳಿ. ಡೊಲುಟೆಗ್ರಾವಿರ್‌ನಲ್ಲಿ ಮುಂದಿನ ಡೋಸ್‌ಗೆ 4 ಗಂಟೆಗಿಂತ ಕಡಿಮೆ ಉಳಿದಿದ್ದರೆ ತಪ್ಪಿದ್ದನ್ನು ಬಿಟ್ಟು, ಮುಂದಿನದನ್ನು ಅದರ ಸಮಯಕ್ಕೆ ತಗೊಳ್ಳಿ. ಎರಡು ಸೇರಿಸಿ ನುಂಗಬೇಡಿ. ಬೇರೆ ಔಷಧಗಳಿಗೆ ಬೇರೆ ಗಡುವು ಇದೆ, ಮೊದಲ ಭೇಟಿಯಲ್ಲೇ ಕೇಳಿ ಡಬ್ಬಿ ಮೇಲೆ ಬರೆದುಕೊಳ್ಳಿ. ನುಂಗಿದ ಸ್ವಲ್ಪ ಹೊತ್ತಿಗೇ ವಾಂತಿಯಾಗಿ ಮಾತ್ರೆ ಹೊರಗೆ ಬಂದದ್ದು ಕಂಡರೆ ಇನ್ನೊಂದು ತಗೋಬೇಕಾಗುತ್ತದೆ, ಫೋನ್ ಮಾಡಿ ಕೇಳಿ. ತಗೊಂಡೆನೋ ಇಲ್ಲವೋ ಅನ್ನುವ ಅನುಮಾನಕ್ಕೆ ವಾರದ ಏಳು ಮನೆಯ ಪೆಟ್ಟಿಗೆಯಷ್ಟು ಒಳ್ಳೆಯ ಮದ್ದು ಇನ್ನೊಂದಿಲ್ಲ.

ಮಾತ್ರೆ ಕಡಿಮೆ ಬಿದ್ದಾಗ ಕೆಲವರು ದಿನ ಬಿಟ್ಟು ದಿನ ತಗೊಳ್ಳುತ್ತಾರೆ, ಅರ್ಧ ಮುರಿಯುತ್ತಾರೆ, ಮೂರು ಬೇರೆ ಬೇರೆ ಮಾತ್ರೆ ಇದ್ದರೆ ಒಂದನ್ನು ಬಿಟ್ಟು ಎರಡು ನುಂಗುತ್ತಾರೆ. ಉಳಿತಾಯದ ಹಾಗೆ ಕಾಣುತ್ತದೆ ಅಲ್ವಾ, ಆದರೆ ಔಷಧಕ್ಕೆ ಬಗ್ಗದ ವೈರಸ್ ಬೆಳೆಯಲು ಇದಕ್ಕಿಂತ ಒಳ್ಳೆಯ ನೆಲ ಬೇಕಿಲ್ಲ. ಹಾಗೆ ಆಗದಿರಲು ಇನ್ನೂ ಎರಡು ವಾರದ ಮಾತ್ರೆ ಇರುವಾಗಲೇ ಹೊಸದು ತನ್ನಿ. ಪ್ರಯಾಣದಲ್ಲಿ ಮಾತ್ರೆ ನಿಮ್ಮ ಕೈಚೀಲದಲ್ಲೇ ಇರಲಿ, ಪ್ರಯಾಣದ ದಿನಗಳಿಗಿಂತ ಕೆಲವು ದಿನದ ಮಾತ್ರೆ ಜಾಸ್ತಿ ಇರಲಿ, ಜೊತೆಗೆ ಔಷಧದ ಹೆಸರಿನ ಚೀಟಿಯೂ ಇರಲಿ.

ಮದ್ಯದ ಬಗ್ಗೆ ಒಂದು ಮಾತು. ಒಂದು ಲೋಟ ಕುಡಿದೆ ಅಂತ ಮಾತ್ರೆ ಬಿಡಬೇಡಿ. ಕುಡಿತ ಲಿವರ್‌ಗೆ ಕೆಟ್ಟದ್ದೇ, ಆದರೆ ಕುಡಿದ ದಿನವೆಲ್ಲ ಡೋಸ್ ಬಿಡುವುದು ಇನ್ನೂ ಕೆಟ್ಟದ್ದು.

ಆರನೇ ಹೆಜ್ಜೆ: ವೈರಲ್ ಲೋಡ್ ಓದುವುದು

ಮಾತ್ರೆ ಕೆಲಸ ಮಾಡುತ್ತಿದೆಯಾ ಅನ್ನುವುದು ಮೈ ಹೇಗಿದೆ ಅನ್ನುವುದರಿಂದ ಗೊತ್ತಾಗುವುದಿಲ್ಲ, ಈ ಪರೀಕ್ಷೆಯಿಂದಲೇ ಗೊತ್ತಾಗುವುದು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಶುರುವಾಗಿ 6 ತಿಂಗಳಿಗೆ, 12 ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ. ಕೆಲವು ಕಡೆ ಇನ್ನೂ ಬೇಗ ಮಾಡುತ್ತಾರೆ. ಒಂದು ಮಿಲಿಲೀಟರ್ ರಕ್ತದಲ್ಲಿ ವೈರಸ್‌ನ ನಕಲುಗಳು 50ಕ್ಕಿಂತ ಕಡಿಮೆ ಬಂದರೆ ಸಾಮಾನ್ಯವಾಗಿ 'ಪತ್ತೆಯಾಗದ ಮಟ್ಟ' ಅನ್ನುತ್ತಾರೆ. ವೈರಸ್ ಪೂರ್ತಿ ಹೋಯಿತು ಅಂತ ಇದರ ಅರ್ಥವಲ್ಲ. ಕೆಲವು ಜೀವಕೋಶಗಳೊಳಗೆ ಅದು ನಿದ್ದೆ ಮಾಡುತ್ತಿರುತ್ತದೆ, ಔಷಧ ಅಲ್ಲಿಗೆ ಮುಟ್ಟುವುದಿಲ್ಲ. ನಿಲ್ಲಿಸಿದರೆ ಹೆಚ್ಚಿನವರಲ್ಲಿ ಕೆಲವೇ ವಾರದಲ್ಲಿ ವಾಪಸ್ ಬರುತ್ತದೆ.

ಆದರೆ ಪತ್ತೆಯಾಗದ ಮಟ್ಟದಲ್ಲೇ ಉಳಿಸಿಕೊಂಡವರಿಂದ ಲೈಂಗಿಕ ಸಂಪರ್ಕದಲ್ಲಿ ಸಂಗಾತಿಗೆ ಎಚ್‌ಐವಿ ಹರಡುವುದಿಲ್ಲ. 2016 ಮತ್ತು 2019ರಲ್ಲಿ ಪ್ರಕಟವಾದ ಪಾರ್ಟ್ನರ್ ಅಧ್ಯಯನಗಳಲ್ಲಿ, ಕಾಂಡೋಮ್ ಇಲ್ಲದ ಸಾವಿರಾರು ಸಂಪರ್ಕಗಳ ನಂತರವೂ, ಚಿಕಿತ್ಸೆಯಲ್ಲಿರುವ ಸಂಗಾತಿಯಿಂದ ಹರಡಿದ ಒಂದು ಪ್ರಕರಣವೂ ಸಿಗಲಿಲ್ಲ. ನನಗೆ ಇದನ್ನು ವಿವರಿಸಿ ಹೇಳಿದ ದಿನ ಎದೆ ಮೇಲಿನ ಕಲ್ಲು ಇಳಿದ ಹಾಗಾಗಿತ್ತು. ಹಂಚಿಕೊಂಡ ಸೂಜಿಗೆ ಈ ಮಾತು ಅನ್ವಯಿಸುವುದಿಲ್ಲ, ಎದೆಹಾಲಿನಲ್ಲಿ ಅಪಾಯ ಬಹಳ ಕಡಿಮೆಯಾದರೂ ಸೊನ್ನೆ ಅಲ್ಲ. ಬೇರೆ ಲೈಂಗಿಕ ರೋಗಗಳನ್ನೂ ಮಾತ್ರೆ ತಡೆಯುವುದಿಲ್ಲ.

ಒಂದು ಸಲ 50 ದಾಟಿ ಸ್ವಲ್ಪ ಏರಿ ಮತ್ತೆ ಇಳಿದರೆ ಕಂಗಾಲಾಗಬೇಡಿ, ಹಾಗೆ ಆಗುವುದುಂಟು. 1000 ದಾಟಿದರೆ ಡೋಸ್ ತಪ್ಪುತ್ತಿದೆಯಾ, ಬೇರೆ ಔಷಧ ಅಡ್ಡ ಬರುತ್ತಿದೆಯಾ ಅಂತ ಕೂತು ನೋಡಿ, ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಮಾಡುತ್ತಾರೆ. ಆಗ ಕೌನ್ಸೆಲರ್ ಮುಂದೆ 'ಒಂದೂ ತಪ್ಪಿಲ್ಲ' ಅಂತ ಹೇಳಿಬಿಡುವ ಆಸೆ ಆಗುತ್ತದೆ. ದಯವಿಟ್ಟು ನಿಜ ಹೇಳಿ. ಸುಳ್ಳು ಹೇಳಿದರೆ ಚೆನ್ನಾಗಿ ಕೆಲಸ ಮಾಡುತ್ತಿದ್ದ ಔಷಧವನ್ನೇ ಸೋತಿದೆ ಅಂದುಕೊಂಡು ಬದಲಿಸಿಬಿಡಬಹುದು.

ಬಸುರಿಯರು, ಮಕ್ಕಳು

ಬಸುರಿ ಅಂತ ಗೊತ್ತಾದ ಕೂಡಲೇ ಹೆದರಿ ಮಾತ್ರೆ ನಿಲ್ಲಿಸುವುದು ಮಗುವಿಗೆ ಸೋಂಕು ತಗುಲಿಸುವ ದಾರಿ. ಮುಂದುವರಿಸಿ, ಅದೇ ವಾರ ಡಾಕ್ಟರನ್ನು ನೋಡಿ. ಡೊಲುಟೆಗ್ರಾವಿರ್ ಬಗ್ಗೆ 2018ರಲ್ಲಿ ಮಗುವಿನ ಬೆನ್ನುಹುರಿ ದೋಷದ ಅನುಮಾನ ಎದ್ದಿತ್ತು, ಮುಂದೆ ಹೆಚ್ಚು ಮಾಹಿತಿ ಬಂದಂತೆ ಅದು ನಿಲ್ಲಲಿಲ್ಲ. ಈಗ ಬಸುರಿಯರಿಗೂ ಅದನ್ನೇ ಕೊಡುತ್ತಾರೆ. ಮಕ್ಕಳ ಡೋಸ್ ತೂಕದ ಮೇಲೆ, ಹಾಗಾಗಿ ಮಗು ಬೆಳೆದ ಹಾಗೆ ಡೋಸ್ ಬದಲಾಗಬೇಕು. ಪ್ರತಿ ಭೇಟಿಯಲ್ಲೂ ತೂಕ ನೋಡಿಸಿ. ದೊಡ್ಡವರ ಮಾತ್ರೆಯನ್ನು ಅಂದಾಜಿಗೆ ಮುರಿದು ಕೊಡಬೇಡಿ.

ಬಿಟ್ಟು ತಿಂಗಳುಗಳಾಗಿದ್ದರೆ

ಇದು ಓದುತ್ತಿರುವ ಕೆಲವರು ಆಗಲೇ ಮಾತ್ರೆ ಬಿಟ್ಟಿರುತ್ತೀರಿ. ಬೇಸರ ಬಂದಿರಬಹುದು, ಕೆಲಸಕ್ಕೆ ಬೇರೆ ಕಡೆ ಹೋಗಿರಬಹುದು, ಯಾರೋ ಬೈದಿರಬಹುದು. ವಾಪಸ್ ಹೋಗಿ. ಮನೆಯಲ್ಲಿ ಉಳಿದ ಹಳೆಯ ಡಬ್ಬಿಯಿಂದ ನೀವಾಗಿ ಶುರು ಮಾಡಬೇಡಿ. ಅದರಲ್ಲಿ ಅಬಾಕಾವಿರ್ ಇದ್ದರೆ ಮತ್ತೆ ಶುರು ಮಾಡುವುದು ಅಪಾಯ ತರಬಹುದು, ನೆವಿರಾಪಿನ್ ಆದರೆ 7 ದಿನಕ್ಕಿಂತ ಜಾಸ್ತಿ ಬಿಟ್ಟವರು ಮತ್ತೆ ಅರ್ಧ ಡೋಸ್‌ನಿಂದಲೇ ಬರಬೇಕು, ಈ ನಡುವೆ ಟಿಬಿ ಸೇರಿಕೊಂಡಿದ್ದರೆ ಅದನ್ನೂ ನೋಡಬೇಕು. ಎಷ್ಟು ದಿನದಿಂದ ಬಿಟ್ಟಿದ್ದೀರಿ, ಕೊನೆಗೆ ಯಾವ ಮಾತ್ರೆ ಇತ್ತು, ಹೆಪಟೈಟಿಸ್ ಬಿ ಇದೆಯಾ, ಈಗ ಏನೇನು ತೊಂದರೆ ಅನ್ನುವ ನಾಲ್ಕು ಸಾಲು ಬರೆದುಕೊಂಡು ಹೋಗಿ. ಒಳಗೆ ಹೋಗಿ ಮಾತು ಬರದಿದ್ದರೆ ಆ ಚೀಟಿಯನ್ನೇ ಅವರ ಕೈಗೆ ಕೊಡಿ.